ಕಚ್ಚಿ ನಿಲ್ಲುವ ಸರಪಳಿ

ಸಂಜೆ ಸಮುದ್ರ ಒಳನುಗ್ಗುವ ಮೊದಲು ಮನೆ ಎತ್ತುವುದು ಅಳಿವೆಕೇರಿಯಲ್ಲಿ ದೀಪ ಹಚ್ಚುವಷ್ಟೇ ಸಹಜ. ನಾಗವೇಣಿ ಜಗಲಿಯಲ್ಲಿ ನಿಂತು ಕೈಸರಪಳಿ ಎಳೆದರೆ, ಕಂಬಗಳ ನಡುವೆ ತೂಗುವ ಮನೆ ನೀರಿಗಿಂತ ಮೇಲೇರುತ್ತಿತ್ತು. ಹಳೆಯ ಸರಪಳಿ ಭಾರ ತಾಳದೆ ಜಾರಿ, ಮನೆ ನೀರಿಗೆ ಕುಸಿದು ಅವಳ ಗಂಡ ಸತ್ತಿದ್ದ. ಆಮೇಲೆ ಹೋರಾಡಿ ಕೇರಿಗೆಲ್ಲ ಹೊಸದನ್ನು ತರಿಸಿದವಳು ಅವಳೇ. ಭಾರ ಮಿತಿ ಮೀರಿದರೆ ಇದು ಒಳಗಿನ ತಡೆಗೆ ಕಚ್ಚಿಕೊಂಡು ನಿಲ್ಲುತ್ತದೆ.

ಆ ದಿನ ಪಕ್ಕದ ಮನೆಯ ಕಂಬ ಮುರಿಯಿತು. ಸುಬ್ರಾಯ ಖಾರ್ವಿ ಹೆಂಡತಿ ಮಕ್ಕಳೊಂದಿಗೆ ಇವಳ ಜಗಲಿ ಹತ್ತಿದ. ಸರಪಳಿ ನಿಂತಿತು. ಕಪಾಟು, ಒರಳುಕಲ್ಲು, ಅಕ್ಕಿ ಡಬ್ಬಿ ಎಲ್ಲವನ್ನೂ ನೀರಿಗೆ ನೂಕಿದರೂ ಕದಲಲಿಲ್ಲ. ನೀರು ಹೊಸ್ತಿಲು ದಾಟಿತು.

"ಈ ತಡೆ ಒಡೀಲಿಕ್ಕೆ ಆಗೂದಿಲ್ವಾ, ಅಕ್ಕಾ?"

"ಯಾರಿಗೂ ಒಡೀಲಿಕ್ಕೆ ಬರದ ಹಾಗೆ ಮಾಡಿ ಅಂತ ಹೇಳಿದ್ದೇ ನಾನು, ತಮ್ಮಾ."

ಸುಬ್ರಾಯ ಮಕ್ಕಳ ತಲೆ ಸವರಿ ಸೆಳೆತದ ನೀರಿಗಿಳಿದು, ಪಾಚಿಗಟ್ಟಿದ ಕಂಬ ತಬ್ಬಿಕೊಂಡ. "ಇಳಿತದವರೆಗೆ ಹಿಡ್ಕೊಂಡಿರ್ತೆ. ನೀವು ಎಳೀರಿ."

ಸರಪಳಿ ನಾಗವೇಣಿಯ ಕೈಯಲ್ಲಿ ಹಗುರಾಗಿ ಸರಿಯಿತು. ನಿಲ್ಲಿಸಬೇಕೆಂದು ಅನಿಸಿದರೂ, ಮೊಣಕಾಲುದ್ದ ನೀರಿನಲ್ಲಿ ನಿಂತ ಮಕ್ಕಳನ್ನು ನೋಡಿ ಎಳೆಯುತ್ತಲೇ ಹೋದಳು.

ಇಳಿತಕ್ಕೆ ಮನೆ ಇಳಿಸಿದಾಗ ಕಂಬದ ಬಳಿ ಯಾರೂ ಇರಲಿಲ್ಲ.