ಗೋಡೆಗೆ ಒರಗಿದ ಗಾಡಿ

ಫೋರ್ಕು ಎಡಗೈಯಲ್ಲಿ, ಚಾಕು ಬಲಗೈಯಲ್ಲಿ. ಲೊರೆಟ್ಟಾ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಮೀನು ಹೊದಿಸಿದ ಈ ಕಪ್ಪು ರೊಟ್ಟಿಯನ್ನು ಕೈಯಲ್ಲಿ ಎತ್ತಿ ಕಚ್ಚಿದರೆ ಮುಗಿಯಿತು, ತಾನು ಅಮೆರಿಕದವಳೆಂದು ನಮ್ಮ ಆರ್ಹುಸ್ ಊರಿನ ಈ ಕೆಫೆಗೆಲ್ಲ ಗೊತ್ತಾಗುತ್ತದೆ. ಇವತ್ತು ಅದು ಗೊತ್ತಾಗಬಾರದು.

ಅದಕ್ಕಾಗಿ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಓಹಿಯೋದಿಂದ ಹಾಕಿಕೊಂಡು ಬಂದ ಬಿಳಿ ಬೂಟು ಹೋಟೆಲಿನ ಕೋಣೆಯಲ್ಲೇ ಉಳಿದಿತ್ತು. ಈಗ ನಮ್ಮೂರ ಹೆಂಗಸರಂತೆ ಕಪ್ಪು ಕೋಟು, ಕುತ್ತಿಗೆಗೆ ಕಂಬಳಿಯಷ್ಟು ದಪ್ಪದ ಬೂದು ಮಫ್ಲರು. ಗುರುತಿಲ್ಲದವರನ್ನು ಕಂಡು ನಗದಿರುವುದನ್ನೂ ಅಭ್ಯಾಸ ಮಾಡಿಕೊಂಡಿದ್ದಳು; ಎಲ್ಲಕ್ಕಿಂತ ಕಷ್ಟವಾಗಿದ್ದು ಅದೇ. ನಮ್ಮ ಭಾಷೆಯನ್ನು ಮನೆಯಲ್ಲೇ ಕೂತು ಕಲಿತು ಬಂದಿದ್ದಳು. ಉಚ್ಚಾರ ಆಗಾಗ ಕೈಕೊಡುತ್ತಿತ್ತು. ಆದರೆ ಮೊದಲೇ ನಾವು ಮಾತು ಕಡಿಮೆಯ ಜನ. ಬಾಯಿ ಮುಚ್ಚಿಕೊಂಡಿದ್ದವಳ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಕಿಟಕಿಯಾಚೆ, ಕೆಫೆಗೂ ಪಕ್ಕದ ಸಲೂನಿಗೂ ನಡುವಿನ ಗೋಡೆಗೆ ಒರಗಿಸಿ ಮಗುವಿನ ಗಾಡಿ ನಿಲ್ಲಿಸಿತ್ತು. ಅದರೊಳಗೆ ಕೂಸು ನಿದ್ದೆ ಹೋಗಿತ್ತು. ಫೆಬ್ರವರಿಯ ಚಳಿಯಲ್ಲಿ ಮಕ್ಕಳನ್ನು ಹೊರಗೆ ಮಲಗಿಸಿ ತಾವು ಒಳಗೆ ಕೂರುವುದು ನಮ್ಮಲ್ಲಿ ಮಾಮೂಲು. ಚಳಿಗಾಳಿ ಕುಡಿದ ಮಗು ಗಟ್ಟಿಯಾಗುತ್ತದೆ ಎನ್ನುತ್ತೇವೆ. ಲೊರೆಟ್ಟಾಳ ಊರಿನಲ್ಲಾದರೆ ಕಾಫಿ ಬರುವ ಮೊದಲು ಪೊಲೀಸರು ಬಂದಿರುತ್ತಿದ್ದರು.

ಅವಳ ಕಣ್ಣು ತಟ್ಟೆಯ ಮೇಲಿತ್ತು, ಜೀವ ಗಾಡಿಯಲ್ಲಿತ್ತು. ಒಂದು ಕೂಸಿಗಾಗಿ ವರ್ಷಗಟ್ಟಲೆ ಆಸ್ಪತ್ರೆಗಳ ಮೆಟ್ಟಿಲು ಸವೆಸಿದ ಹೆಂಗಸು ಅವಳು. ಗಂಡ ನಡುವೆಯೇ ಬೇಸತ್ತು ಬಿಟ್ಟು ಹೋಗಿದ್ದ. ಓಡಿಹೋಗಿ ಎತ್ತಿಕೊಳ್ಳಬೇಕು ಎಂದು ಕೈ ತುಡಿಯುತ್ತಿತ್ತು. ಆದರೆ ಇಲ್ಲಿನ ತಾಯಂದಿರು ಹಾಗೆ ಓಡುವುದಿಲ್ಲ.

“ಇನ್ನೊಂಚೂರು ಕಾಫಿ ಹಾಕ್ಲಾ?” ಕೆಫೆಯ ಒಡತಿ ಗುರ್ಲಿ ಬಂದು ನಿಂತಳು.

“ಹೂಂ.”

“ಮಲಗಿದೆಯಾ ಪಾಪು?” ಗುರ್ಲಿ ಗಾಡಿಯ ಕಡೆ ಮುಖ ತಿರುಗಿಸಿದಳು.

“ಹೂಂ.”

“ನಿಶ್ಚಿಂತೆಯಾಗಿ ತಿನ್ನು ಕಣಮ್ಮ. ಹೋದ ವಾರ ಒಬ್ಬಳು ಅಮೆರಿಕದೋಳು ಇಲ್ಲಿ ಗಾಡಿ ನೋಡಿ ಪೊಲೀಸ್‌ನೋರನ್ನ ಕರೆಸಿದ್ಲು, ಯಾರೋ ಮಗು ಬಿಟ್ಟು ಹೋಗಿದ್ದಾರೆ ಅಂತ. ಆ ತಾಯಿ ಇಲ್ಲೇ ನಿಂತು ಗೊಳೋ ಅಂತ ಅತ್ಲು. ಇನ್ಮೇಲೆ ಆ ಜನ ಗಾಡಿ ಹತ್ರ ಸುಳೀಲಿ, ನಾನು ವಿಚಾರಿಸ್ಕೋತೀನಿ.”

“ಅವರಿಗೆ ಮಲಗಿರೋ ಮಗೂನೂ ಒಂದು ಬಾಂಬೇ,” ಎಂದ ಮೂಲೆಯ ಮೇಜಿನ ಪ್ರೆಬೆನ್, ಪತ್ರಿಕೆಯಿಂದ ತಲೆಯೆತ್ತದೆ. ಕೆಫೆಯೆಲ್ಲ ನಕ್ಕಿತು. ಲೊರೆಟ್ಟಾ ಕೂಡ ಅಳತೆ ಮೀರದಂತೆ ನಕ್ಕಳು.

ಆಗಲೇ ಅವನು ಕಾಣಿಸಿದ್ದು. ಬೇಸ್‌ಬಾಲ್ ಟೋಪಿ, ಬಿಳಿ ಬೂಟು, ಬೆನ್ನಿಗೊಂದು ಚೀಲ. ಗಾಡಿಯೊಳಗೆ ಬಗ್ಗಿ ನೋಡಿದ. ಸುತ್ತಮುತ್ತ ನೋಡಿದ. ನಂತರ ಸೀದಾ ಕೆಫೆಯೊಳಕ್ಕೆ ಬಂದ.

“ಆ ಮಗು ಯಾರದು?” ಎಂದ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ. “ಎದ್ದು ಅಳ್ತಾ ಇದೆ. ಅಮ್ಮ ಯಾರು ಅಂತ ಹೇಳಿಬಿಡಿ, ನನ್ನ ಪಾಡಿಗೆ ಹೋಗ್ತೀನಿ.”

“ಬಂತು ನೋಡಿ ಸವಾರಿ,” ಎಂದ ಪ್ರೆಬೆನ್.

ಗುರ್ಲಿ ಹೂಜಿಯನ್ನು ಕುಕ್ಕಿದಳು. “ಮಗು ನೋಡೋಕೆ ನೀವ್ಯಾರ್ರೀ? ನಿಮ್ಮೂರಿನ ಭಯ ನಿಮ್ಮೂರಲ್ಲೇ ಇಟ್ಕೊಳ್ಳಿ. ಅವರಮ್ಮ ಇಲ್ಲೇ ಕೂತಿದ್ದಾಳೆ.”

ಎಲ್ಲರ ಕಣ್ಣೂ ಲೊರೆಟ್ಟಾಳ ಮೇಲೆ ಬಿತ್ತು. ಅವಳು ಎದ್ದು ನಿಂತಳು.

“ನಂದು,” ಎಂದಳು, ನಮ್ಮ ಭಾಷೆಯಲ್ಲಿ. ಆ ಒಂದು ಮಾತನ್ನು ಕನ್ನಡಿಯ ಮುಂದೆ ಎಷ್ಟೋ ಸಲ ಹೇಳಿ ಪಳಗಿಸಿಕೊಂಡಿದ್ದಳು. ನಾಲಿಗೆ ಎಲ್ಲೂ ಎಡವಲಿಲ್ಲ.

ಟೋಪಿಯವನು ಅವಳ ಕೈ ನೋಡಿದ. ಗಾಬರಿಯಲ್ಲಿ ಅವಳು ಚಾಕು ಕೆಳಗಿಟ್ಟು ಫೋರ್ಕನ್ನು ಬಲಗೈಗೆ ದಾಟಿಸಿಕೊಂಡಿದ್ದಳು.

“ಮೇಡಂ, ನೀವು ನಮ್ಮ ಕಡೆಯೋರಲ್ವಾ? ಕತ್ತರಿಸಿದ್ಮೇಲೆ ಕೈ ಬದಲಾಯಿಸೋದು ನಮ್ಮಮ್ಮನೂ ಹೀಗೇ.”

ಲೊರೆಟ್ಟಾ ಏನೂ ಅರ್ಥವಾಗದವಳಂತೆ ಗುರ್ಲಿಯತ್ತ ನೋಡಿದಳು. ಅಷ್ಟು ಸಾಕಾಯಿತು. ಪ್ರೆಬೆನ್ ಎದ್ದು ಅವನ ರಟ್ಟೆ ಹಿಡಿದ.

“ಇವಳನ್ನೂ ನಿಮ್ಮೋಳು ಅಂತೀರಾ? ನಡೀರಿ ಆಚೆ.”

“ಒಂದ್ನಿಮಿಷ, ನನ್ನ ಮಾತು ಕೇಳಿ...”

ಯಾರೂ ಕೇಳಲಿಲ್ಲ. ಬಾಗಿಲಲ್ಲಿ ನೂಕಾಟವಾಗಿ ಅವನ ಟೋಪಿ ರಸ್ತೆಗೆ ಬಿತ್ತು. ಯಾರೋ ಅದನ್ನು ಬೂಟುಗಾಲಿನಿಂದ ಚರಂಡಿಯತ್ತ ತಳ್ಳಿದರು. ಮಾತು ಕಡಿಮೆಯ ಜನ ನಾವು, ಸಿಟ್ಟು ಬಂದರೆ ಹೀಗೇ.

ಲೊರೆಟ್ಟಾ ಗಾಡಿಯ ಹಿಡಿ ಹಿಡಿದಳು. ಅದು ಜಗ್ಗಲಿಲ್ಲ. ಕಾಲಿನಿಂದ ಎಲ್ಲೆಲ್ಲೋ ತಡಕಾಡಿದಳು.

“ಹೊಸ ಗಾಡೀನಾ?” ಗುರ್ಲಿ ತಾನೇ ಬಂದು ಬ್ರೇಕು ಬಿಡಿಸಿಕೊಟ್ಟಳು.

“ಹೂಂ.”

ಅವಳ ಮುಖ ಕಂಡು ಕೂಸಿನ ಅಳು ಇನ್ನೂ ಜೋರಾಯಿತು. “ಹಸಿವು ಪಾಪ. ಬೇಗ ಮನೆಗೆ ಕರ್ಕೊಂಡು ಹೋಗು,” ಎಂದಳು ಗುರ್ಲಿ.

ತಿರುವಿನಲ್ಲಿ ಕೆಂಪು ದೀಪವಿತ್ತು. ರಸ್ತೆಯಲ್ಲಿ ಒಂದು ವಾಹನವೂ ಇರಲಿಲ್ಲ. ಆಚೆ ಬದಿಯಿಂದ ಟೋಪಿಯವನು ಕೂಗುತ್ತಲೇ ಇದ್ದ. ಮಗು ಅಳುತ್ತಲೇ ಇತ್ತು. ಲೊರೆಟ್ಟಾ ಕದಲದೆ ಹಸಿರು ದೀಪಕ್ಕೆ ಕಾದಳು.

“ನೋಡಿದ್ರಾ,” ಎಂದ ಪ್ರೆಬೆನ್ ಬಾಗಿಲಲ್ಲಿ ನಿಂತು. “ನಮ್ಮೋರು ಅಂದ್ರೆ ಹಾಗೆ.”

ಹಸಿರು ಬಂತು. ಗಾಡಿ ರಸ್ತೆ ದಾಟಿ ಮೂಲೆಯಲ್ಲಿ ಮರೆಯಾಯಿತು. ಗುರ್ಲಿ ನಿರಾಳವಾಗಿ ಹೊರಗಿನ ಮೇಜು ಒರೆಸತೊಡಗಿದಳು.

ಸಲೂನಿನ ಬಾಗಿಲು ತೆರೆಯಿತು. ಅರ್ಧ ಬಣ್ಣ ಬಳಿದ ಒದ್ದೆ ಕೂದಲಿನ ಹುಡುಗಿಯೊಬ್ಬಳು, ಕುತ್ತಿಗೆಗೆ ಕಟ್ಟಿದ ಬಟ್ಟೆ ಸರಿಸಿಕೊಂಡು ಹೊರಗೆ ಬಂದಳು. ಎದೆಹಾಲು ಇಳಿದು ಅವಳ ಅಂಗಿ ಒದ್ದೆಯಾಗಿತ್ತು. ಖಾಲಿ ಗೋಡೆ ನೋಡಿದಳು. “ಇಲ್ಲಿದ್ದ ಗಾಡಿ?” ಎಂದಳು.

“ಏನೂ ಹೆದರ್ಬೇಡ ಕಣಮ್ಮ,” ಎಂದಳು ಗುರ್ಲಿ ಹೆಮ್ಮೆಯಿಂದ. “ಒಬ್ಬ ಅಮೆರಿಕದೋನು ತಲೆಹಾಕೋಕೆ ಬಂದಿದ್ದ, ಒದ್ದು ಓಡಿಸಿದ್ವಿ. ಮಗೂನ ಅವರಮ್ಮನ ಕೈಗೇ ಕೊಟ್ಟು ಕಳಿಸಿದ್ದೀನಿ.”