ಹೋಗ್ಬೇ

ಕಬಡ್ಡಿ ಲೀಗಿನ ವ್ಯಾನು ಬಂದು ಬಾಗಿಲಲ್ಲಿ ನಿಂತು ಅರ್ಧ ಗಂಟೆಯಾಗಿತ್ತು. ಸಿಂಚನ ಮದ್ದೂರಿನ ಕಾಲೇಜು ತಂಡದ ರೈಡರ್, ಬಿ.ಎ. ಎರಡನೇ ವರ್ಷ. ಡಿಗ್ರಿ ಮುಗಿಸಿ ಬರುತ್ತೇನೆಂದರೆ ಆಗದು. ಇಪ್ಪತ್ತು ದಾಟಿದವರಿಗೆ ಲೀಗಿನ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಅದನ್ನು ಚುಚ್ಚಿಸಿಕೊಂಡವರು ಒಂದೇ ಉಸಿರಿಗೆ ಹತ್ತು ನಿಮಿಷ 'ಕಬಡ್ಡಿ ಕಬಡ್ಡಿ' ಎನ್ನುತ್ತಾರೆ. ನಾಲ್ಕು ಸೀಸನ್, ಅಷ್ಟೇ.

ಆ ನಾಲ್ಕನ್ನೂ ಆಡಿ ಬಂದಿದ್ದ ಅಕ್ಕ ಚಂದ್ರಕಲಾ ಮಂಚದ ಮೇಲಿದ್ದಳು. ಅವಳಲ್ಲಿ ಈಗ ದಿನಕ್ಕೆ ಒಂದು ಮಾತಿಗಾಗುವಷ್ಟು ದಮ್ಮು ಉಳಿದಿತ್ತು. ಅದನ್ನು ಇವತ್ತಿನ ಪ್ರಶ್ನೆಗೆ ಉಳಿಸಲೆಂದೇ ಬೆಳಿಗ್ಗೆಯಿಂದ ಯಾರೂ ಅವಳನ್ನು ಮಾತಾಡಿಸಿರಲಿಲ್ಲ.

"ಅಕ್ಕ, ಹೋಗ್ಲಾ?" ಎಂದಳು ಸಿಂಚನ.

ಅಕ್ಕ ಎದೆ ತುಂಬ ಉಸಿರೆಳೆದುಕೊಂಡಳು. "ನೀ ಹೋಗ್ಬೇ..."

ಅಲ್ಲಿಗೆ ದಮ್ಮು ಮುರಿಯಿತು. ಕಣ್ಣು ಮುಚ್ಚಿದವು. ಬಾಯಿ ತೆರೆದೇ ಇತ್ತು, ನಾಲಿಗೆ ಅಂಗುಳಿಗೆ ಮಡಚಿಕೊಂಡಿತ್ತು. ಇನ್ನು ಅವಳು ಏಳುವುದು ನಾಳೆಯೇ.

"ಬೇಡ ಅಂದ್ಲಾ ಸಾರ್?" ಸಿಂಚನ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರನ್ನು ಕೇಳಿದಳು.

"ಬೇಕು ಅಂದ್ಲು ಕಣವ್ವ, ನಾನೂ ಕೇಳಿಸ್ಕೊಂಡ್ನಲ್ಲ," ಎಂದರು ಪಿ.ಟಿ. ಮೇಷ್ಟ್ರು ಮರಿಸ್ವಾಮಿ. ಅಕ್ಕನನ್ನು ಕಳಿಸಿದವರೂ ಅವರೇ. "ಸೈನ್ ಹಾಕು, ವ್ಯಾನ್ನೋರು ಕಾಯಕ್ಕಿಲ್ಲ."

ಸಿಂಚನ ಸೈನ್ ಹಾಕಿದಳು. ವ್ಯಾನಿನೊಳಗೆ ನರ್ಸು ಸೂಜಿ ಚುಚ್ಚಿ, ಹತ್ತಿ ಒತ್ತಿ, ಏನಾದರೂ ಹೇಳಿ ನೋಡು ಎಂದಳು.

"ಬೇಕು," ಎಂದಳು ಸಿಂಚನ. ತುಟಿ ದುಂಡಗಾಗಿ ಮುಂದೆ ಬಂತು.

"ಬೇಡ," ಎಂದಳು. ನಾಲಿಗೆ ಅಂಗುಳಿಗೆ ಮಡಚಿಕೊಂಡಿತು, ಅಕ್ಕನದರ ಹಾಗೆಯೇ.

ನರ್ಸು ಖಾಲಿ ಸಿರಿಂಜನ್ನು ಬುಟ್ಟಿಗೆ ಎಸೆದಳು.