ಎಡಗೈಯಲ್ಲಿ ಆರಿಸಿದ ಹನ್ನೊಂದು

"ಹನ್ನೊಂದೇ ಹನ್ನೊಂದಾ?" ಹೆಡ್‌ಮಿಸ್ಟ್ರೆಸ್ ಕ್ಲಾರಿಸ್ಸಾ ಮೇಡಂ ಡ್ರಾಯಿಂಗ್ ಟೀಚರ್ ಕುಸುಮಾವತಿಯ ಫೈಲನ್ನು ಎತ್ತಿ ಒಮ್ಮೆ ಕೊಡವಿಯೇ ನೋಡಿದರು, ಒಳಗೆ ಇನ್ನಷ್ಟು ಸಿಕ್ಕಿಕೊಂಡಿರಬಹುದೇನೋ ಎಂಬಂತೆ. "ನಮ್ಮ ಬೊನವೆಂಚರ್ ಸರ್ ನೋಡಿ, ನಾನೂರ ಹನ್ನೆರಡು ವೆಬ್‌ಸೈಟು ತಂದಿದ್ದಾರೆ!"

ಕಂಪ್ಯೂಟರ್ ಮಾಸ್ತರು ಬೊನವೆಂಚರ್ ಮೀಸೆಯಡಿಯಲ್ಲೇ ನಕ್ಕರು. ಅವರ ಪಟ್ಟಿಗೆ ಸ್ಪೈರಲ್ ಬೈಂಡಿಂಗ್ ಬೇರೆ. ಮಕ್ಕಳು ಚಿತ್ರ ಕಲಿಯುವುದಕ್ಕೆ ಇಂಟರ್ನೆಟ್ಟಿನಲ್ಲಿ ಒಳ್ಳೆಯ ಸೈಟು ಯಾವುದುಂಟು ಎಂದು ಗಲ್ಫಿನ ಫರ್ವಾನಿಯಾದ ಆ ಶಾಲೆಯಲ್ಲಿ ಪೋಷಕರು ಕೇಳುತ್ತಲೇ ಇದ್ದರು. ಯಾರ ಪಟ್ಟಿ ಗಟ್ಟಿಯೋ ಬರುವ ವರ್ಷದಿಂದ ಡ್ರಾಯಿಂಗ್ ಪೀರಿಯಡ್ಡು ಅವರಿಗೆ ಎಂದು ಮೇಡಂ ಹೇಳಿಬಿಟ್ಟಿದ್ದರು. ಬೊನವೆಂಚರ್ ಸರ್‌ಗೆ ಅದು ಸಿಕ್ಕಿದರೆ ಹೆಚ್ಚಿಗೆ ಒಂದು ಪೀರಿಯಡ್ಡು, ಅಷ್ಟೇ. ಕುಸುಮಾವತಿಗೆ ಮಾತ್ರ ಅದು ತಪ್ಪಿದರೆ ಕೆಲಸವೇ ಖಲಾಸ್.

ಮೇಡಂ ಪಟ್ಟಿಯ ಹಿಂದಿದ್ದ ಚಿತ್ರದ ಹಾಳೆಗಳನ್ನು ಮಗುಚಿದರು. ಸೊಟ್ಟ ಕುದುರೆ. ವಾಲಿದ ಹಡಗು. ಒಂದು ಕಣ್ಣು ಹಣೆಗೂ ಇನ್ನೊಂದು ಕೆನ್ನೆಗೂ ಹೋದ ಮುದುಕಿ. "ಇದೆಂತ, ಯುಕೆಜಿ ಮಕ್ಕಳು ಬಿಡಿಸಿದ್ದಾ?"

"ಅಲ್ಲ ಮೇಡಂ, ನಾನೇ. ಎಡಗೈಯಲ್ಲಿ."

ಬೊನವೆಂಚರ್ ಈ ಸಲ ಬಾಯಿಬಿಟ್ಟೇ ನಕ್ಕರು. ಕುಸುಮಾವತಿಯ ಕಿವಿ ಬಿಸಿಯಾಯಿತು. ಎರಡು ತಿಂಗಳು, ಶಾಲೆಯಿಂದ ಬಂದು ಚಾ ಕುಡಿದವಳೇ ಇಂಟರ್ನೆಟ್ ಕಾರ್ಡಿನ ನಂಬರು ಕೆರೆದು ಕಂಪ್ಯೂಟರಿನ ಮುಂದೆ ಕೂತಿದ್ದಳು. "ಸೈಟ್ ಹುಡುಕು ಅಂದ್ರೆ ನೀನೆಂತ ಮಾರಾಯ್ತಿ, ಅಕ್ಷರಾಭ್ಯಾಸಕ್ಕೆ ಕೂತವರ ಹಾಗೆ!" ಎಂದು ಶುಐಬಾದ ಕಾರ್ಖಾನೆಯಲ್ಲಿ ಡ್ಯೂಟಿ ಮುಗಿಸಿ ಬಂದ ಗಂಡ ಗೇಲಿ ಮಾಡುತ್ತಿದ್ದ. ಇವರೂ ನಗಲಿ. ನಕ್ಕವರ ಹಲ್ಲೇನೂ ಉದುರುವುದಿಲ್ಲ.

"ನನ್ನ ಬಲಗೈಗೆ ಇಪ್ಪತ್ತು ವರ್ಷದ ಅಭ್ಯಾಸ ಉಂಟು ಮೇಡಂ," ಎಂದಳು. "ಎಂಥ ಕೆಟ್ಟ ಪಾಠವನ್ನಾದ್ರೂ ಅದು ತಾನೇ ಸರಿ ಮಾಡಿಕೊಳ್ತದೆ. ಎಡಗೈ ಹಾಗಲ್ಲ, ಮಕ್ಕಳ ಹಾಗೆ, ಏನೂ ಗೊತ್ತಿಲ್ಲ ಅದಕ್ಕೆ. ಮುನ್ನೂರು ಚಿಲ್ಲರೆ ಸೈಟಿನ ಪಾಠ ಅದರ ಹತ್ರ ಮಾಡಿಸಿದೆ. ಈ ಸೊಟ್ಟ ಬಂದದ್ದೆಲ್ಲ ಫೇಲಾದ ಸೈಟು. ಎಡಗೈಗೂ ಕಲಿಸಿದ್ದು ಕೊನೆಗೆ ಉಳಿದ ಈ ಹನ್ನೊಂದೇ."

"ಮಾತು ಸಾಕು. ಒಂದು ಮಗುವನ್ನೇ ಕರೆದು ನೋಡುವ," ಎಂದು ಮೇಡಂ ಎದ್ದು ಕಾರಿಡಾರಿನಲ್ಲಿ ನೀರು ಕುಡಿಯುತ್ತಿದ್ದ ಆರನೇ ಕ್ಲಾಸಿನ ಮಾನ್ಯಾಳನ್ನು ಒಳಗೆ ಕರೆದರು. ಕರೆದದ್ದು ಯಾಕೆಂದು ಗೊತ್ತಾದ ಕೂಡಲೇ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. "ಐ ಕಾಂಟ್ ಡ್ರಾ, ಮ್ಯಾಮ್."

"ಅದೇ ಬೇಕಾದ್ದು, ಬಾ," ಎಂದಳು ಕುಸುಮಾವತಿ.

ಮೊದಲು ನಾನೂರ ಹನ್ನೆರಡರ ಪಟ್ಟಿ. ಮೇಡಂ ಮೇಜಿನ ಕಂಪ್ಯೂಟರಿನಲ್ಲಿ ಒಂದನೇ ಸೈಟು ತೆರೆದರೆ, ಹತ್ತು ಲಕ್ಷನೆಯವರಾಗಿ ಬಂದಿದ್ದೀರಿ, ಬಹುಮಾನ ಗೆದ್ದಿದ್ದೀರಿ ಎಂಬ ಜಾಹೀರಾತು ಮಿಣಮಿಣ ಕುಣಿಯಿತು. ಎರಡನೆಯದು ತೆರೆಯಲೇ ಇಲ್ಲ. ಮೂರನೆಯದರಲ್ಲಿ ಯಾರೋ ಬಿಡಿಸಿಟ್ಟ ಕರಡಿ, ಬಣ್ಣ ತುಂಬಿದರೆ ಆಯಿತು. "ಸರ್, ಇದನ್ನೆಲ್ಲ ನೀವು ನೋಡಿದ್ದೀರಾ?" ಎಂದು ಮೇಡಂ ಕೇಳಿದರು. "ನಾನೂರು ಸೈಟು ನೋಡ್ಲಿಕ್ಕೆ ಆಗ್ತದಾ ಮೇಡಂ?" ಎಂದ ಬೊನವೆಂಚರ್ ಟೈ ಸಡಿಲಿಸಿಕೊಂಡರು.

ಆಮೇಲೆ ಕುಸುಮಾವತಿಯ ಏಳನೇ ನಂಬರು. ಯಾವುದೋ ಮ್ಯೂಸಿಯಮ್ಮಿನವರು ಮಕ್ಕಳಿಗೆಂದೇ ಮಾಡಿದ ಪುಟ. ಮಾನ್ಯಾ ಅದು ಹೇಳಿದಂತೆ ಚೌಕದ ಕಾಗದವನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿ ಬಿಚ್ಚಿದಳು. ನಡುವೆ ಕಂಪಾಸ್ ಊರಿ ವೃತ್ತ ಎಳೆದಳು. ಮಡಿಕೆ ವೃತ್ತವನ್ನು ಹಾದಲ್ಲೆಲ್ಲ ಚುಕ್ಕಿ ಇಟ್ಟಳು, ಎಂಟು ಚುಕ್ಕಿ. ಒಂದು ಬಿಟ್ಟು ಒಂದನ್ನು ಸ್ಕೇಲಿಟ್ಟು ಸೇರಿಸಿದಾಗ ಒಂದು ಚೌಕ ಬಂತು, ಉಳಿದವನ್ನು ಸೇರಿಸಿದಾಗ ಅದರ ಮೇಲೆ ಇನ್ನೊಂದು ಚೌಕ. ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. ಹಾಳೆಯ ತುಂಬ ಎಂಟು ಮೂಲೆಯ ನಕ್ಷತ್ರ, ಒಂದು ಗೆರೆಯೂ ಸೊಟ್ಟಗಿಲ್ಲ.

"ಮ್ಯಾಮ್!" ಮಾನ್ಯಾ ಕುರ್ಚಿಯಿಂದ ಎದ್ದೇಬಿಟ್ಟಳು. "ಐ ನೋ ದಿಸ್! ಇಟ್ಸ್ ಆನ್ ದ ಮಸೀದಿ ವಿಂಡೋ! ನಮ್ಮ ಬಸ್ಸು ನಿಲ್ಲತ್ತಲ್ಲ, ದ ಸಿಗ್ನಲ್! ಐ ಮೇಡ್ ಇಟ್!" ಇಂಗ್ಲಿಷಿನಲ್ಲಿ ಮಾತ್ರ ಉತ್ತರ ಕೊಡುವ ಹುಡುಗಿ ಖುಷಿಗೆ ಕನ್ನಡವನ್ನೂ ಕಲಸಿದ್ದಳು.

ಕ್ಲಾರಿಸ್ಸಾ ಮೇಡಂ ಆ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಪೀರಿಯಡ್ ನಿಮ್ಮದೇ ಟೀಚರ್," ಎಂದರು. "ವಾರಕ್ಕೆ ಒಂದಲ್ಲ, ಎರಡು." ಅಬ್ಬ! ಕುಸುಮಾವತಿಗೆ ಅಲ್ಲೇ ಕುಣಿಯಬೇಕೆನಿಸಿತು. ಸೀರೆಯ ನೆರಿಗೆ ಹಿಡಿದುಕೊಂಡು ಸುಮ್ಮನಾದಳು. ಹೊರಗೆ ಬರುವಾಗ ಬೊನವೆಂಚರ್ ಹಿಂದಿನಿಂದ ಬಂದು ಗಂಟಲು ಸರಿಮಾಡಿಕೊಂಡರು. "ಟೀಚರೇ, ಆ ಏಳನೇ ನಂಬರು... ನನ್ನ ಮಗನಿಗೆ."

ವಾರ ಕಳೆಯಿತು, ಆರನೇ ಕ್ಲಾಸಿನವರೆಲ್ಲ ನಕ್ಷತ್ರ ಬಿಡಿಸಿದ್ದಾಯಿತು. ಮಧ್ಯಾಹ್ನ ಮನೆಗೆ ಹೊರಟ ಶಾಲೆಯ ಬಸ್ಸು ಮಸೀದಿಯ ಸಿಗ್ನಲಿನಲ್ಲಿ ನಿಂತದ್ದೇ ತಡ, ಮಕ್ಕಳೆಲ್ಲ ಎದ್ದು ಬಲಗಡೆಯ ಕಿಟಕಿಗಳಿಗೆ ಮುತ್ತಿದರು. "ಅಲ್ಲಿ ಎಂಟು ಮೂಲೆಯದ್ದು!" "ಮೇಲೆ ನೋಡು, ಹದಿನಾರು!" ಮುಂದಿನ ಸೀಟಿನಲ್ಲಿದ್ದ ಕುಸುಮಾವತಿಗೆ ಬಸ್ಸೇ ಆ ಕಡೆಗೆ ವಾಲಿದಂತೆ ಅನಿಸಿತು.

"ಯಲ್ಲಾ, ಬೇಗ ಕೂತ್ಕೊಳ್ಳಿ ಮಕ್ಕಳೇ! ಬಸ್ಸು ಮಗುಚ್ತದೆ!" ಎಂದು ಡ್ರೈವರ್ ಉಮ್ಮರ್ ಕುಂಞಿ ಕೂಗಿದ. ಯಾರೂ ಕೂರಲಿಲ್ಲ. ಇವರು ನೋಡುವುದಾದರೂ ಏನನ್ನು ಎಂದು ಅವನೂ ಸ್ಟಿಯರಿಂಗಿನ ಮೇಲೆ ಬಾಗಿ ಇಣುಕಿದ. ಸಿಗ್ನಲು ಹಸಿರಾಯಿತು, ಹಿಂದಿನ ಕಾರುಗಳು ಹಾರ್ನ್ ಬಾರಿಸತೊಡಗಿದವು. ಬಸ್ಸು ಕದಲಲಿಲ್ಲ.

"ಒಂಬತ್ತು ವರ್ಷ ಆಯ್ತು ಟೀಚರೇ, ದಿನಾ ಇಲ್ಲಿ ನಿಲ್ತೇನೆ," ಎಂದ ಉಮ್ಮರ್ ಕುಂಞಿ, ಕಣ್ಣು ಕದಲಿಸದೆ. "ಮಸೀದಿಗೆ ಈ ಕಿಟಕಿ ಯಾವಾಗ ಇಟ್ರು?"